ಕೈಪಿಡಿ ಕೊಳ್ಳುವ ಮುನ್ನ ಯಾವ ಪುಟ ತೆರೆಯಬೇಕು?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಗೋಣಿಕೊಪ್ಪದ ಹತ್ತಿರ ಮಾವನವರ ಐದು ಎಕರೆ ತೋಟ ನೋಡಿಕೊಳ್ಳಲು ಬಂದಿದ್ದೇನೆ. ಕಾಫಿ, ಜೊತೆಗೆ ಕರಿಮೆಣಸು. ಕಪಾಟಿನಲ್ಲಿ ಹಳೆಯ ಕೃಷಿ ಪುಸ್ತಕಗಳಿವೆ, ಅಂಗಡಿಯಲ್ಲಿ ಹೊಸವೂ ಸಿಗುತ್ತವೆ. ಯಾವುದನ್ನು ನಂಬಲಿ?

ಉತ್ತರ: ಮುನ್ನುಡಿ ಬಿಟ್ಟು ನೇರವಾಗಿ ಬೋರ್ಡೋ ದ್ರಾವಣದ ಪುಟ ತೆರೆಯಿರಿ. ಕಾಫಿಗೂ ಮೆಣಸಿಗೂ ಬೇಕಾದ ಔಷಧಿ ಇದು. ಬರೆದವರು ದ್ರಾವಣ ಕಲಸುವ ಡ್ರಮ್ಮಿನ ಪಕ್ಕ ನಿಂತವರೋ ಅಲ್ಲವೋ ಎಂಬುದು ಆ ಒಂದು ಪುಟದಲ್ಲೇ ತಿಳಿಯುತ್ತದೆ. ‘ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಸಿಂಪಡಿಸಿ’ ಎಂದಷ್ಟೇ ಇದ್ದರೆ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ, ಇನ್ನೊಂದು 50 ಲೀಟರ್ ಮಾಡಿಕೊಳ್ಳಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಒಳ್ಳೆಯ ಕೈಪಿಡಿ ಇಷ್ಟಕ್ಕೆ ನಿಲ್ಲುವುದಿಲ್ಲ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಅಥವಾ ಮರದ್ದು ಇರಲಿ ಎನ್ನುತ್ತದೆ. ತಯಾರಾದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ, ಕೆಂಪು ತಾಮ್ರ ಅಂಟಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಸೇರಿಸಿ ಎಂದು ಕಾರಣ ಸಮೇತ ಹೇಳುತ್ತದೆ. ಉಳಿದದ್ದನ್ನು ಮರುದಿನಕ್ಕೆ ಇಡಬಾರದು, ಕಣಗಳು ದಪ್ಪವಾಗಿ ತಳಕ್ಕೆ ಇಳಿದು ಎಲೆಗೆ ಅಂಟುವ ಗುಣ ಹೋಗುತ್ತದೆ ಎಂಬ ಮಾತೂ ಅಲ್ಲಿರಬೇಕು. ಕಾಫಿಯ ಎಲೆ ತುಕ್ಕಿಗೆ ಶೇಕಡಾ 0.5, ಮೆಣಸಿನ ಸೊರಗು ರೋಗಕ್ಕೆ ಶೇಕಡಾ 1 ಎಂಬ ವ್ಯತ್ಯಾಸವನ್ನು ತೋರಿಸದ ಪುಸ್ತಕ ನಿಮ್ಮಂಥ ಮಿಶ್ರ ತೋಟಕ್ಕೆ ಆಗುವುದಿಲ್ಲ.

ಇನ್ನು ಕಪಾಟಿನ ಹಳೆಯ ಪುಸ್ತಕಗಳು. ಅವನ್ನು ರದ್ದಿಗೆ ಹಾಕಬೇಡಿ, ಇಸವಿ ನೋಡಿ. ಮರಗಸಿ (ನೆರಳು ಮರದ ಕೊಂಬೆ ಸವರುವುದು), ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರು) ತೆಗೆಯುವುದು, ತೊಟ್ಟಿಲುಗುಂಡಿ (ಸಾಲುಗಳ ನಡುವೆ ನೀರು ಇಂಗಿಸುವ ಗುಂಡಿ) ಇವೆಲ್ಲ ಐವತ್ತು ವರ್ಷದ ಹಿಂದಿನ ಪುಸ್ತಕದಲ್ಲೂ ಚೆನ್ನಾಗಿಯೇ ಇರುತ್ತವೆ. ಕೀಟ ಮತ್ತು ಔಷಧಿಯ ಅಧ್ಯಾಯಗಳು ಮಾತ್ರ ಹಳಸುತ್ತವೆ. ಕಾಫಿ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನಲ್ಲಿ. ಅದಕ್ಕಿಂತ ಮುಂಚಿನ ಪುಸ್ತಕದಲ್ಲಿ ಇಲ್ಲಿನ ತೋಟದ ಕೀಟವೆಂದು ಅದು ಇರಲು ಸಾಧ್ಯವೇ ಇಲ್ಲ. ನಂತರ ಬಂದ ಎಷ್ಟೋ ಪುಸ್ತಕಗಳು ಎಂಡೋಸಲ್ಫಾನ್ ಹೊಡೆಯಿರಿ ಎನ್ನುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದೆ. ಹಾಗಾಗಿ 2011ಕ್ಕೆ ಹಿಂದಿನ ಔಷಧಿ ಪಟ್ಟಿಗಳ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದುಬಿಡಿ. ಹೊಸ ಪುಸ್ತಕದಲ್ಲೂ ಎಚ್ಚರ ಬೇಕು. ‘ಮೂರನೇ ಮುದ್ರಣ 2022’ ಎಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ಮಾತ್ರ ತಿದ್ದಿದ್ದಾರೆ ಎಂದರ್ಥ.

ಮೊದಲ ದುಡ್ಡನ್ನು ಕಾಫಿ ಮಂಡಳಿಯ ಸಂಶೋಧನಾ ವಿಭಾಗದ ಕೈಪಿಡಿಗೆ ಹಾಕಿ. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದ ಕೆಲಸ ಅದರ ಹಿಂದಿದೆ, ಉಪಕೇಂದ್ರ ನಿಮ್ಮ ಚೆಟ್ಟಳ್ಳಿಯಲ್ಲೇ ಇದೆ. ಮೆಣಸು, ಏಲಕ್ಕಿಗೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಮಗನಿಗೆ ವೈರಿಂಗ್, ಮೋಟಾರ್ ರಿಪೇರಿಯಲ್ಲಿ ಆಸಕ್ತಿ. ಸಂಬಂಧಿಕರು ಅಮೆರಿಕದಿಂದ ದಪ್ಪ ಸಚಿತ್ರ ಪುಸ್ತಕ ತಂದುಕೊಟ್ಟಿದ್ದಾರೆ. ಅದರಿಂದ ಕಲಿಯಬಹುದೇ? (ಸೋಮವಾರಪೇಟೆ)

ಉತ್ತರ: ಸ್ಕ್ರೂ ಬಿಗಿಯುವುದು, ಬೇರಿಂಗ್ ಬದಲಿಸುವುದು, ಮೀಟರ್ ಹಿಡಿಯುವುದು ಕಲಿಯಲಿ. ವೈರಿಂಗ್ ಅಧ್ಯಾಯವನ್ನು ಮಾತ್ರ ದಾರ ಕಟ್ಟಿ ಮುಚ್ಚಿಡಿ. ಆ ಪುಸ್ತಕದಲ್ಲಿ ಕಪ್ಪು ವೈರು ಎಂದರೆ ಫೇಸ್, ಬಿಳಿ ನ್ಯೂಟ್ರಲ್. ನಮ್ಮ ಮನೆಗಳಲ್ಲಿ ಕೆಂಪು, ಹಳದಿ ಅಥವಾ ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಪುಸ್ತಕ ನಂಬಿ ಕಪ್ಪು ವೈರಿಗೆ ಸ್ವಿಚ್ ಹಾಕಿದರೆ ದೀಪವೇನೋ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಬಲ್ಬು ಬದಲಿಸಲು ಕೈ ಹಾಕಿದಾಗ ಹೊಡೆಯುತ್ತದೆ. ಅವರದು 120 ವೋಲ್ಟ್, ನಮ್ಮದು 230.

ಲೆಕ್ಕಗಳೂ ಹೊಂದುವುದಿಲ್ಲ. ತಂತಿಯ ದಪ್ಪ ಹೇಳುವ ಅವರ ಗೇಜಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. ನಮ್ಮಲ್ಲಿ ಚದರ ಮಿಲಿಮೀಟರ್: ದೀಪಕ್ಕೆ 1.5, 16 ಆಂಪಿಯರ್ ಪ್ಲಗ್ಗಿಗೆ 2.5, ಗೀಸರಿಗೆ 4. ನಾಲ್ಕು ಪೋಲಿನ ಮೋಟಾರಿಗೆ ಅಲ್ಲಿ 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1800 ಸುತ್ತಿನ ಲೆಕ್ಕ, ಇಲ್ಲಿ 50ರಲ್ಲಿ 1500. ಅದರ ಪುಲ್ಲಿ ಪಟ್ಟಿ ನೋಡಿ ಪಂಪ್ ಜೋಡಿಸಿದರೆ ವೇಗ ಸಾಲದೆ ನೀರು ಬೇಕಾದಷ್ಟು ಮೇಲೇರುವುದಿಲ್ಲ. ಐಟಿಐ ವಿದ್ಯಾರ್ಥಿಗಳ ಎಲೆಕ್ಟ್ರಿಷಿಯನ್ ಪಠ್ಯಪುಸ್ತಕ ಕೊಡಿಸಿ. ಚಿತ್ರ ಸಪ್ಪೆ, ಆದರೆ ನಮ್ಮ ಬಣ್ಣ, ನಮ್ಮ ವೋಲ್ಟೇಜು ಅದರಲ್ಲಿರುತ್ತದೆ. ದೋಷ, ಕಾರಣ, ಪರಿಹಾರ ಎಂದು ಮೂರು ಕಾಲಮ್ಮಿನ ಪಟ್ಟಿ ಇರುವ ಪ್ರತಿಯನ್ನೇ ಆರಿಸಿ.

ಪ್ರಶ್ನೆ: ಮೊಮ್ಮಕ್ಕಳಿಗೆ ಹಕ್ಕಿ, ಹಾವು ಗುರುತಿಸುವ ಪುಸ್ತಕ ಬೇಕು. (ಮಡಿಕೇರಿ)

ಉತ್ತರ: ಹಕ್ಕಿಗಾದರೆ ಸೂಚಿಯಲ್ಲಿ ಮಲಬಾರ್ ಬೂದು ಮಂಗಟ್ಟೆ ಹುಡುಕಿ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದಿಲ್ಲದ ಪುಸ್ತಕ ಕೊಡಗಿನ ಮಕ್ಕಳಿಗೆ ಪ್ರಯೋಜನವಿಲ್ಲ. ವೈಜ್ಞಾನಿಕ ಹೆಸರು ಇರಲೇಬೇಕು, ಏಕೆಂದರೆ ಒಂದೇ ಹಕ್ಕಿಗೆ ಊರಿಗೊಂದು ಹೆಸರು.

ಹಾವಿನ ಪುಸ್ತಕದಲ್ಲಿ ಪ್ರಥಮ ಚಿಕಿತ್ಸೆಯ ಪುಟವೇ ಪರೀಕ್ಷೆ. ಕಚ್ಚಿದ ಜಾಗ ಕೊಯ್ಯಿರಿ, ವಿಷ ಹೀರಿ, ಹಗ್ಗ ಬಿಗಿಯಿರಿ ಎಂದಿದ್ದರೆ ಎಷ್ಟೇ ಚೆಂದದ ಚಿತ್ರವಿದ್ದರೂ ಮನೆಗೆ ತರಬೇಡಿ. ಕಚ್ಚಿಸಿಕೊಂಡವರನ್ನು ಮಲಗಿಸಿ, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ತಡಮಾಡದೆ ಆಸ್ಪತ್ರೆಗೆ ಸೇರಿಸಿ ಎಂದಿರಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನೇ ವಿಷಕಾರಿ ಎಂದು ಮುಗಿಸುವ ಪುಸ್ತಕವೂ ಇಲ್ಲಿಗೆ ಸಾಲದು. ನಮ್ಮ ಕಾಡು, ತೋಟಗಳಲ್ಲಿ ಗುಳಿಮಂಡಲಗಳಿವೆ, ಸಾಮಾನ್ಯವಾಗಿ ಸಿಗುವ ಪ್ರತಿವಿಷ ತಯಾರಾಗುವುದು ಆ ನಾಲ್ಕಕ್ಕೆ ಮಾತ್ರ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು. ಏನು ಮಾಡಲಿ? (ಭಾಗಮಂಡಲ)

ಉತ್ತರ: ಹೊರಗೋಡೆಗೆ ಒತ್ತಿ ಕಪಾಟು ಇಡಬೇಡಿ, ಎರಡು ಇಂಚು ಜಾಗ ಬಿಡಿ. ಒತ್ತೊತ್ತಾಗಿ ತುಂಬಬೇಡಿ. ಬಣ್ಣದ ಚಿತ್ರಗಳಿರುವ ನುಣುಪು ಕಾಗದದ ಪುಸ್ತಕ ನೆನೆದರೆ ಒಣಗುವ ಮೊದಲೇ ಹಾಳೆಗಳನ್ನು ಬಿಡಿಸಬೇಕು. ಹಾಗೇ ಒಣಗಿದರೆ ಕಾಗದದ ಮೇಲ್ಲೇಪ ಗೋಂದಿನಂತೆ ಅಂಟಿ ಮತ್ತೆ ಬಿಡುವುದಿಲ್ಲ. ಒಲೆಯ ಮೇಲೆ ಕಾಯಿಸಬೇಡಿ. ಫ್ಯಾನಿನ ಗಾಳಿಗೆ ನೆಟ್ಟಗೆ ನಿಲ್ಲಿಸಿ.