ಮಸಿ ಮೆತ್ತಿದ ಬೆರಳಿಗೆ ನಾಚಿಕೆ ಯಾಕೆ?

ಪತ್ರ: ಕಾಲೇಜು ಮುಗಿದಾಗಿನಿಂದ ಟ್ಯಾಬ್ಲೆಟ್‌ನಲ್ಲೇ ಚಿತ್ರ ಬರೆಯುತ್ತಿದ್ದೇನೆ. ಈಚೆಗೆ ಅದ್ದಿ ಬರೆಯುವ ನಿಬ್ಬು, ಇಂಡಿಯನ್ ಇಂಕ್, ವಿದೇಶಿ ಇದ್ದಿಲು ಕಡ್ಡಿ ತರಿಸಿಕೊಂಡೆ. ಗೆರೆ ನಡುಗುತ್ತದೆ, ಮಸಿ ಸೋರುತ್ತದೆ, ಆದರೂ ಖುಷಿ. ಗೆಳತಿಯರು ನಗುತ್ತಾರೆ. ಇದು ಬರೀ ಹಳೆಯದರ ಹುಚ್ಚೇ ಸಾರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಗುವವರು ನಗಲಿ ಬಿಡಿ. ಹುಚ್ಚಾದರೆ ಒಳ್ಳೆಯ ಹುಚ್ಚು.

ಮೊದಲು ಟ್ಯಾಬ್ಲೆಟ್‌ಗೆ ಸಲ್ಲಬೇಕಾದ್ದು ಸಲ್ಲಿಸಿಬಿಡೋಣ. ರಾತ್ರಿ ಕಥೆ ಕಳಿಸಿ ಬೆಳಿಗ್ಗೆ ಚಿತ್ರ ಕೇಳುವ ನಮ್ಮಂಥ ಸಂಪಾದಕರು ಬದುಕಿರುವುದೇ ಅದರಿಂದ. ಅಲ್ಲಿಗೆ ಆ ಮಾತು ಮುಗೀತು.

ಮಸಿ ಸೋರುವುದು ನಿಮ್ಮ ಕೈಯ ತಪ್ಪಲ್ಲ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಅದಿರುವ ತನಕ ಮಸಿ ನಿಬ್ಬಿನ ಮೇಲೆ ನಿಲ್ಲುವುದಿಲ್ಲ, ಹನಿಗಟ್ಟಿ ತೊಟ್ಟಿಕ್ಕುತ್ತದೆ. ಹಸಿ ಆಲೂಗಡ್ಡೆಗೆ ಸ್ವಲ್ಪ ಹೊತ್ತು ಚುಚ್ಚಿಟ್ಟು ಒರೆಸಿ, ಸರಿಹೋಗುತ್ತದೆ. ಇಂಡಿಯನ್ ಇಂಕ್‌ನಲ್ಲಿ ಅರಗು ಇರುತ್ತದೆ, ಒಣಗಿದರೆ ನೀರಿಗೆ ಬಿಡುವುದಿಲ್ಲ. ಕಾಫಿಗೆ ಏಳುವ ಮುಂಚೆ ನಿಬ್ಬು ತೊಳೆದಿಡಿ.

ಗೆರೆ ನಡುಗುವುದಕ್ಕೆ ಮಾತ್ರ ಔಷಧಿ ಇಲ್ಲ, ಬೇಡ ಕೂಡ. ಪರದೆಯ ಮೇಲೆ ತಪ್ಪಿದ ಗೆರೆ ಎರಡು ಬೆರಳು ತಟ್ಟಿದರೆ ಮಾಯ, ಹಾಗಾಗಿ ಮೊದಲು ಎಳೆದು ಆಮೇಲೆ ನೋಡುವುದು ಅಭ್ಯಾಸವಾಗಿಬಿಡುತ್ತದೆ. ಕಾಗದದಲ್ಲಿ ಮೊದಲು ನೋಡಲೇಬೇಕು. ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರ ನೋಡಿದ್ದೀರಲ್ವಾ? ನಾಲ್ಕಾರು ಗೆರೆ, ಅಷ್ಟರಲ್ಲಿ ಇಡೀ ಮೈಯ ತಿರುವು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಜೀವನವಿಡೀ ಕಾಗೆ ನೋಡಿದರು, ಕಾಗೆ ಬರೆದರು. ಹಾಸ್ಯ ಲೇಖಕ ರಾಶಿಯವರು 1942ರಲ್ಲಿ ಶುರುಮಾಡಿದ ಹಾಸ್ಯ ಪತ್ರಿಕೆ ‘ಕೊರವಂಜಿ’ಯಲ್ಲೂ ಲಕ್ಷ್ಮಣರ ಗೆರೆಗಳಿದ್ದವು. ಬ್ರಶ್ಶನ್ನು ಒತ್ತಿದ ಕಡೆ ದಪ್ಪ, ಎತ್ತಿದ ಕಡೆ ಸಣ್ಣ. ಟ್ಯಾಬ್ಲೆಟ್ ಇದನ್ನೂ ಮಾಡುತ್ತದೆ ಅನ್ನಬೇಡಿ, ಗೊತ್ತು. ಆದರೆ ಅಲ್ಲಿ ಮಸಿ ಖಾಲಿಯಾಗುವುದಿಲ್ಲ, ಕಾಗದ ಎದುರಾಡುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ನಿಮ್ಮನ್ನು ಬೈಯಬೇಕು. ವಿದೇಶಿ ಇದ್ದಿಲು ಯಾಕ್ರೀ? ಹಳೆಯ ಮೈಸೂರು ಚಿತ್ರಗಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಕುಂಚಕ್ಕೆ ಅಳಿಲಿನ ಕೂದಲು, ತೀರಾ ಸಣ್ಣ ಗೆರೆಗೆ ಹುಲ್ಲಿನ ಮೊನೆ. ಅಳಿಲನ್ನು ಬಿಟ್ಟುಬಿಡಿ ಪಾಪ, ಶಿವಮೊಗ್ಗದಲ್ಲಿ ಹುಣಸೆ ಕಡ್ಡಿಗೇನು ಬರ?

ಆದರೂ ನಿಮಗಿಂತ ನಮ್ಮ ಪತ್ರಿಕಾ ಲೋಕದ ಮೇಲೇ ನನಗೆ ಜಾಸ್ತಿ ಸಿಟ್ಟು. ಹಿಂದೆ ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಕಲಾವಿದರ ಮೂಲ ಚಿತ್ರಗಳನ್ನು ಬ್ಲಾಕ್ (ಮುದ್ರಣಕ್ಕೆ ಬೇಕಾದ ಅಚ್ಚು) ಮಾಡಿಸಿದ ಮೇಲೆ ಬೀರುವಿನ ತಲೆಯ ಮೇಲೆ ಎಸೆಯುತ್ತಿದ್ದರು, ಬೀರು ತುಂಬಿದಾಗ ಹಳೇ ಪೇಪರ್ ಜೊತೆ ರದ್ದಿಗೆ. ವಾಪಸ್ ಕೇಳಿದವರನ್ನು ಜಗಳಗಂಟರು ಅಂದರು. ಈಗ ಮೂಲವೇ ಇಲ್ಲ, ಇರುವುದು ಫೈಲು. ಅದರಲ್ಲೂ ಕಲಾವಿದರ ಸಹಿ ಪುಟದ ಅಳತೆಗೆ ಕತ್ತರಿ ಬಿದ್ದು ಹೋಗಿರುತ್ತದೆ. ಸಂಭಾವನೆ ಕೇಳಿದರೆ, ಕಂಪ್ಯೂಟರ್‌ನಲ್ಲಿ ತಾನೇ ಮಾಡಿದ್ದು ಅನ್ನುತ್ತಾರೆ! ಇವರೆಲ್ಲ ಎಲ್ಲಿಂದ ಬಂದವರು? ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಂಡ ಶಾಲೆಗಳಿಂದಲೇ ಅಲ್ವಾ? ಚಿತ್ರ ಅಂದರೆ ಕಥೆಯ ಮಧ್ಯೆ ಉಳಿದ ಜಾಗ ತುಂಬುವ ಸಾಮಾನು ಅಂತ ಅಲ್ಲೇ ಕಲಿತಿದ್ದು. ಜಾಗ ತುಂಬುವುದಕ್ಕೆ ಈಗ ಯಂತ್ರವೇ ಸಾಕು ಅನ್ನುತ್ತಿದ್ದಾರೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದಿನ ಸಂಚಿಕೆಯ ಕಥೆ ನಿಮಗೆ ಕಳಿಸುತ್ತಿದ್ದೇನೆ, ಚಿತ್ರ ನೀವೇ ಬರೆಯಿರಿ. ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಳಿಸಬೇಡಿ. ಎರಡು ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿ, ಮಡಚಬೇಡಿ. ಮುದ್ರಿಸಿ ವಾಪಸ್ ಕಳಿಸುತ್ತೇವೆ, ಸಹಿಗೆ ಕತ್ತರಿ ಹಾಕುವುದಿಲ್ಲ. ಸಂಭಾವನೆ ಮಾತ್ರ ಎಂದಿನಂತೆ ತಡ.