ಅಂಕದಲ್ಲಿ ಮುಂದೆ, ಪಟ್ಟಿಯಲ್ಲಿ ಹಿಂದೆ: ಎನ್‌ಎಫ್‌ಎಲ್ ಟೈಬ್ರೇಕರ್ ಪ್ರಶ್ನೋತ್ತರ

ಡಿಸೆಂಬರ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತರುತ್ತವೆ: ಅಂಕಗಳ ಅಂತರದಲ್ಲಿ ಮುಂದಿದ್ದ ತಂಡ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪಟ್ಟಿಯಲ್ಲಿ ಹಿಂದೆ ಬಿದ್ದದ್ದೇಕೆ? ಅದಕ್ಕೆ ಈ ಬಾರಿ ವಿವರವಾಗಿಯೇ ಉತ್ತರಿಸುತ್ತೇನೆ. ಹೊಸಬರಿಗೆ ಎರಡೇ ಮಾತು: ಗೆಲುವು ಸೋಲು ಸಮವಾದ ತಂಡಗಳಲ್ಲಿ ಯಾವುದು ಮುಂದೆ ಎಂದು ತೀರ್ಮಾನಿಸುವ ನಿಯಮವೇ ಟೈಬ್ರೇಕರ್. ಲೀಗಿನಲ್ಲಿ ಎರಡು ಕಾನ್ಫರೆನ್ಸ್, ಪ್ರತಿಯೊಂದರಲ್ಲೂ ನಾಲ್ಕು ಡಿವಿಷನ್; ಡಿವಿಷನ್ ಗೆದ್ದವರಿಗೆ ಪ್ಲೇಆಫ್‌ನ ಮೊದಲ ನಾಲ್ಕು ಸ್ಥಾನ, ಉಳಿದವರಲ್ಲಿ ಉತ್ತಮ ದಾಖಲೆಯವರಿಗೆ ಅದರ ನಂತರದ ವೈಲ್ಡ್ ಕಾರ್ಡ್ ಸ್ಥಾನ.

ಗೆಲುವು ಸೋಲು ಸಮವಾದಾಗ ಐಪಿಎಲ್‌ನ ನೆಟ್ ರನ್ ರೇಟ್‌ನಂತೆ ಒಟ್ಟು ಅಂಕಗಳ ಅಂತರವನ್ನೇ ನೋಡಬಾರದೇ? 2020ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡಕ್ಕೆ ಅನ್ಯಾಯವಾಗಲಿಲ್ಲವೇ?

ಆಗಲಿಲ್ಲ. ಆ ವರ್ಷ ಕೋಲ್ಟ್ಸ್ ಮತ್ತು ಟೆನೆಸ್ಸೀ ಟೈಟನ್ಸ್ ಎರಡೂ 11 ಗೆದ್ದು 5 ಸೋತವು (11–5). ಅಂಕಗಳ ಅಂತರದಲ್ಲಿ, ಅಂದರೆ ಗಳಿಸಿದ ಅಂಕಗಳಿಂದ ಬಿಟ್ಟುಕೊಟ್ಟವನ್ನು ಕಳೆದಾಗ, ಕೋಲ್ಟ್ಸ್ 89 ಮುಂದೆ, ಟೈಟನ್ಸ್ 52 ಮುಂದೆ. ಆದರೂ ಡಿವಿಷನ್ ಪಟ್ಟ ಟೈಟನ್ಸ್‌ಗೆ ಸಿಕ್ಕಿತು. ಒಂದೇ ಡಿವಿಷನ್ನಿನ ಎರಡು ತಂಡಗಳು ಸಮವಾದರೆ ಮೊದಲು ನೋಡುವುದು ಅವುಗಳ ಪರಸ್ಪರ ಪಂದ್ಯಗಳನ್ನು. ಅಲ್ಲಿ ಒಂದೊಂದು ಗೆಲುವು. ಎರಡನೆಯದು ಡಿವಿಷನ್ನಿನ ಒಳಗಿನ ಆರು ಪಂದ್ಯಗಳು. ಟೈಟನ್ಸ್ ಐದನ್ನು ಗೆದ್ದಿತ್ತು, ಕೋಲ್ಟ್ಸ್ ನಾಲ್ಕನ್ನು. ಲೆಕ್ಕ ಅಲ್ಲಿಗೇ ಮುಗಿಯಿತು. ಉಭಯ ತಂಡಗಳೂ ಎದುರಿಸಿದ ಸಮಾನ ಎದುರಾಳಿಗಳು, ಕಾನ್ಫರೆನ್ಸ್ ದಾಖಲೆ (ಸ್ವಂತ ಕಾನ್ಫರೆನ್ಸಿನ ತಂಡಗಳ ವಿರುದ್ಧದ ಗೆಲುವು ಸೋಲು) ಎಂಬ ಮುಂದಿನ ಮೆಟ್ಟಿಲುಗಳವರೆಗೂ ಹೋಗಬೇಕಾಗಲಿಲ್ಲ. ಅಂಕಗಳ ಅಂತರ ಬರುವುದು ಇನ್ನೂ ಎಷ್ಟೋ ಕೆಳಗೆ, ಬಹುತೇಕ ನಾಣ್ಯ ಚಿಮ್ಮುವ ಹಂತದ ಹತ್ತಿರ.

ಟೈಟನ್ಸ್‌ಗಿಂತ ಕೋಲ್ಟ್ಸ್ ಹೆಚ್ಚಾಗಿ ಕಳೆದುಕೊಂಡ ಆ ಒಂದು ಡಿವಿಷನ್ ಪಂದ್ಯ ಯಾವುದು ಗೊತ್ತೇ? ಮೊದಲ ವಾರ ಜಾಕ್ಸನ್‌ವಿಲ್ ಜಾಗ್ವಾರ್ಸ್ ವಿರುದ್ಧ 27–20ರಲ್ಲಿ ಸೋತದ್ದು. ಜಾಗ್ವಾರ್ಸ್ ಆ ವರ್ಷ ಗೆದ್ದದ್ದು ಅದೊಂದೇ ಪಂದ್ಯ, ಉಳಿದ 15ರಲ್ಲೂ ಸೋತಿತು. ಅಂಥ ತಂಡಕ್ಕೆ ಸೋತು, ಬೇರೆಯವರ ಮೇಲೆ ಅಂಕ ಗುಡ್ಡೆ ಹಾಕಿದೆವು ಎಂದು ಪಟ್ಟ ಕೇಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಆ 37 ಅಂಕಗಳ ವ್ಯತ್ಯಾಸ. ಟೈಟನ್ಸ್ ಗ್ರೀನ್ ಬೇಯ ಹಿಮದಲ್ಲಿ ಒಂದೇ ರಾತ್ರಿ 40–14ರಲ್ಲಿ ಸೋತು 26 ಅಂಕ ಹಿಂದೆ ಬಿತ್ತು. ಒಂದು ಕೆಟ್ಟ ರಾತ್ರಿ ಇಡೀ ಋತುವನ್ನು ಅಳೆಯಬೇಕೇ? ಮೇಲುಗೈ ಸಾಧಿಸಿದ ತಂಡ ಈ ಆಟದಲ್ಲಿ ಗಡಿಯಾರ ಓಡಿಸಿ, ಚೆಂಡು ಹಿಡಿದವನೇ ಮಂಡಿಯೂರಿ, ಇನ್ನಷ್ಟು ಅಂಕಕ್ಕೆ ಯತ್ನಿಸದೆ ಪಂದ್ಯ ಮುಗಿಸುತ್ತದೆ. ಅಂತರಕ್ಕೆ ಬೆಲೆ ಕಟ್ಟಿದರೆ 24 ಅಂಕ ಮುಂದಿದ್ದರೂ ನಾಲ್ಕನೆಯ ಕ್ವಾರ್ಟರಿನಲ್ಲಿ ದಾಳಿ ನಡೆಸುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕನ್ನು ಅಂಗಳದಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ. ಗೆದ್ದಾಗಿರುವ ಪಂದ್ಯದಲ್ಲಿ ಆಟಗಾರನ ಮಂಡಿ ಮುರಿಯುವುದನ್ನು ನಾನಂತೂ ನೋಡಲಾರೆ. 2024ರ ಮೇ 18ರಂದು ಬೆಂಗಳೂರಿನಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ರನ್ ರೇಟಿನ ಬಲದಿಂದ ಪ್ಲೇಆಫ್ ಸೇರಿದ್ದು ನಿಮ್ಮ ಮನಸ್ಸಿನಲ್ಲಿದೆ ಎಂದು ಬಲ್ಲೆ. ಕ್ರಿಕೆಟ್‌ನಲ್ಲಿ ಕೊನೆಯ ಎಸೆತದವರೆಗೂ ಆಡುವುದೇ ಕ್ರಮ, ಇಲ್ಲಿ ಹಾಗಲ್ಲ.

1979ರಲ್ಲಿ ಅಂಕಗಳ ಅಂತರವೇ ಪ್ಲೇಆಫ್‌ನ ಒಂದು ಸ್ಥಾನವನ್ನು ತೀರ್ಮಾನಿಸಿತ್ತು. ಕೊನೆಯ ದಿನ ಚಿಕಾಗೊ ಬೇರ್ಸ್ 42–6ರಲ್ಲಿ ಗೆದ್ದಿತು, ವಾಷಿಂಗ್ಟನ್ 35–34ರಲ್ಲಿ ಡಲ್ಲಾಸ್‌ಗೆ ಸೋತಿತು. ಎರಡೂ ತಂಡಗಳಿಗೆ 10 ಗೆಲುವು, ಅಂತರ 57 ಮತ್ತು 53. ನಾಲ್ಕು ಅಂಕಕ್ಕಾಗಿ ವಾಷಿಂಗ್ಟನ್ ಮನೆ ಸೇರಿತು. ನಿಮಗೆ ಬೇಕಿರುವುದು ಇದೇ ನ್ಯಾಯವೇ?

2020ಕ್ಕೆ ಮರಳೋಣ. ಪಟ್ಟ ತಪ್ಪಿದ ಕೋಲ್ಟ್ಸ್ ವೈಲ್ಡ್ ಕಾರ್ಡ್ ಸಾಲಿಗೆ ಬಂದಾಗ ಅಲ್ಲಿ ಬಾಲ್ಟಿಮೋರ್ ರೇವನ್ಸ್, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ 11–5. ನೀವು ತಪ್ಪುವುದು ಇಲ್ಲೇ: ಮೂರನ್ನೂ ಒಟ್ಟಿಗೆ ತೂಗಿ ಒಂದು, ಎರಡು, ಮೂರು ಎಂದು ಬರೆದುಬಿಡುತ್ತೀರಿ. ನಿಯಮದ ಪ್ರಕಾರ ಒಂದು ಡಿವಿಷನ್ನಿನಿಂದ ಒಮ್ಮೆಗೆ ಒಂದೇ ತಂಡ ಸ್ಪರ್ಧೆಗೆ ಬರಬೇಕು. ತನ್ನದೇ ಡಿವಿಷನ್ನಿನ ಬ್ರೌನ್ಸನ್ನು ಎರಡು ಬಾರಿಯೂ ಸೋಲಿಸಿದ್ದ ರೇವನ್ಸ್ ಮುಂದೆ ಬಂದು, ಕೋಲ್ಟ್ಸ್ ವಿರುದ್ಧದ ಗೆಲುವಿನಿಂದ ಐದನೆಯ ಸ್ಥಾನ ಪಡೆಯಿತು. ಆಮೇಲೆ ಲೆಕ್ಕ ಮೊದಲಿನಿಂದ. ಬ್ರೌನ್ಸ್ ಕೂಡ ಕೋಲ್ಟ್ಸನ್ನು ಸೋಲಿಸಿತ್ತು, ಅದಕ್ಕೆ ಆರು. ಕೋಲ್ಟ್ಸ್‌ಗೆ ಏಳು. ಡಿವಿಷನ್ ಗೆದ್ದಿದ್ದರೆ ನಾಲ್ಕನೆಯ ಶ್ರೇಯಾಂಕದೊಂದಿಗೆ ತವರಿನಲ್ಲಿ ಆಡಬಹುದಾಗಿದ್ದ ತಂಡ ಬಫಲೋಗೆ ಹೋಗಿ 27–24ರಲ್ಲಿ ಸೋತಿತು. ಜಾಕ್ಸನ್‌ವಿಲ್‌ನ ಆ ಮಧ್ಯಾಹ್ನದ ಬೆಲೆ ಅಷ್ಟು.

ಕಠಿಣ ಎದುರಾಳಿಗಳನ್ನು ಎದುರಿಸಿದ ತಂಡಕ್ಕೆ ಮೊದಲ ಆದ್ಯತೆ ಸಿಗಬೇಕಲ್ಲವೇ?

ಕಠಿಣ ಎದುರಾಳಿಗಳಿಗೆ ಸೋತರೆ ಏನು ಬಂತು? ಅದಕ್ಕಾಗಿಯೇ ನೀವು ಸೋಲಿಸಿದ ತಂಡಗಳ ಬಲವನ್ನು (ಅವುಗಳ ಗೆಲುವಿನ ಪ್ರಮಾಣವನ್ನು) ಮೊದಲು ನೋಡುತ್ತಾರೆ, ಆಡಿದ ಎಲ್ಲ ತಂಡಗಳ ಬಲವನ್ನು ಆಮೇಲೆ. ಎರಡೂ ಕಾನ್ಫರೆನ್ಸ್ ದಾಖಲೆಯ ನಂತರವೇ.

11 ಪಂದ್ಯ ಗೆದ್ದರೆ ಪ್ಲೇಆಫ್ ಖಚಿತವೇ?

ಇಲ್ಲ. 2008ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11–5ರೊಂದಿಗೆ ಹೊರಗುಳಿಯಿತು, ಸ್ಯಾನ್ ಡಿಯಾಗೊ ಚಾರ್ಜರ್ಸ್ 8–8ರೊಂದಿಗೆ ಡಿವಿಷನ್ ಗೆದ್ದು ಒಳಬಂದಿತು.

ಡ್ರಾ ಆದ ಪಂದ್ಯ ಲೆಕ್ಕಕ್ಕಿಲ್ಲ ಎನ್ನುತ್ತಾರೆ?

1972ರಿಂದ ಅದು ಅರ್ಧ ಗೆಲುವು, ಅರ್ಧ ಸೋಲು. ಹಳೆಯ ಕತೆ ಹೇಳುವವರನ್ನು ನಂಬಬೇಡಿ.

ನಮ್ಮ ತಂಡ ಒಳಗೆ ಹೋಗುವುದು ಶೇಕಡ 97 ಖಚಿತ ಎಂದು ಒಬ್ಬರು ಹಣ ಪಡೆದು ತಿಳಿಸಿದ್ದಾರೆ. ಬಾಜಿ ಕಟ್ಟಲೇ?

ಕಟ್ಟಬೇಡಿ. ಅಕ್ಟೋಬರಿನ ಪಟ್ಟಿ ನೋಡಿ ಜನವರಿಯ ಭವಿಷ್ಯ ಮಾರುವ ಈ ಮಂದಿಗೆ ನಿಯಮವೂ ಗೊತ್ತಿಲ್ಲ, ನಾಚಿಕೆಯೂ ಇಲ್ಲ. ನೀವು ಸೋಲಿಸಿದ ತಂಡಗಳ ಬಲ ಕೊನೆಯ ಭಾನುವಾರ ಎಲ್ಲೋ ನಡೆಯುವ ಬೇರೆ ಪಂದ್ಯದಿಂದಲೂ ಬದಲಾಗುತ್ತದೆ. ಅವರಿಗೆ ಕೊಟ್ಟ ಹಣವನ್ನು ವಾಪಸ್ ಕೇಳಿ.