ಉಡುಗೊರೆಯ ಪೊಟ್ಟಣದಲ್ಲಿ ಬಚ್ಚಿಡಲಾಗದ ಸಂಗತಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ 7 ವರ್ಷ, ಮಗನಿಗೆ 3. ಪ್ರತಿ ದೀಪಾವಳಿಗೆ ಕುಂದಾಪುರದ ಸಮೀಪವಿರುವ ಅತ್ತೆ-ಮಾವನ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ದುಬೈಯಲ್ಲಿರುವ ಭಾವ ಮತ್ತು ಓರಗಿತ್ತಿ ಮನೆಯ ಐದೂ ಮಕ್ಕಳಿಗೆ ಬೆಲೆಬಾಳುವ ಆಟಿಕೆಗಳನ್ನು ತರುತ್ತಾರೆ. ಕಳೆದ ವರ್ಷ ನಾನು ಮತ್ತು ಮಗಳು ಮಣ್ಣಿನ ಹಣತೆಗಳಿಗೆ ಬಣ್ಣ ಹಚ್ಚಿ ಎಲ್ಲರಿಗೂ ಕೊಟ್ಟೆವು. ನಿಜ ಹೇಳಬೇಕೆಂದರೆ, ಮಗಳು ಬಣ್ಣವನ್ನೆಲ್ಲ ಕಲಸಿಬಿಡುತ್ತಾಳೆಂದು ಗದರಿಸಿ, ಬಹುಪಾಲನ್ನು ರಾತ್ರಿ ಕುಳಿತು ನಾನೇ ಮುಗಿಸಿದ್ದೆ. ಅತ್ತೆ ಎಲ್ಲರೆದುರು, ‘ಅಂಗಡಿಯಲ್ಲಿ ಏನೂ ಸಿಗಲಿಲ್ಲವಾ?’ ಎಂದುಬಿಟ್ಟರು. ಈಗ ಪತಿಯ ಕೆಲಸ ಹೋಗಿ ನಾಲ್ಕು ತಿಂಗಳಾಗಿದೆ. ಊರಿನಲ್ಲಿ ಯಾರಿಗೂ ತಿಳಿಸಿಲ್ಲ. ಮತ್ತೆ ಕೈಯಾರೆ ಏನಾದರೂ ಮಾಡೋಣವೆಂದರೆ ಮಗಳು, ‘ಬೇಡಮ್ಮ, ಈ ಸಲ ಅಂಗಡಿಯದ್ದೇ ಕೊಡೋಣ’ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಅಣ್ಣನೊಂದಿಗೆ ಗೂಡುದೀಪ ಕಟ್ಟುತ್ತಿದ್ದ ಕತೆಯನ್ನು ಪ್ರತಿ ವರ್ಷ ಹೇಳುವ ಪತಿ, ಈ ಬಾರಿ ಹೋಗುವುದೇ ಬೇಡ ಎನ್ನುತ್ತಿದ್ದಾರೆ. ಕ್ರೆಡಿಟ್ ಕಾರ್ಡಿನಲ್ಲಿ ಕಂತು ಮಾಡಿಸಿ ಉಡುಗೊರೆ ಕೊಳ್ಳಲೇ, ಮನೆಯಲ್ಲೇ ಮಾಡಲೇ, ಅಥವಾ ಪ್ರಯಾಣವನ್ನೇ ಕೈಬಿಡಲೇ?

ಉತ್ತರ: ಪ್ರಿಯ ಸಹೋದರಿ,

ಹಬ್ಬಕ್ಕೆ ಹೋಗಿ; ಕಂತಿನ ಉಡುಗೊರೆ ಬೇಡ. ಸಂಬಳ ನಿಂತಿರುವ ಮನೆಯಲ್ಲಿ ಕಾರ್ಡಿನ ಸಾಲ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲೇ ಏನು ಮಾಡಬಹುದು ಎಂಬ ವಿಷಯಕ್ಕೆ ಬರುವ ಮೊದಲು ನಿಮ್ಮ ಪತ್ರದ ನಡುವೆ ಸಣ್ಣದಾಗಿ ಬಂದುಹೋಗಿರುವ ಒಂದು ವಾಕ್ಯವನ್ನು ಎತ್ತಿಕೊಳ್ಳುತ್ತೇನೆ. ಪತಿಯ ಕೆಲಸ ಹೋಗಿರುವುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದಿದ್ದೀರಿ. ನೀವು ಕೊಂಡು ತಂದರೂ ಕೈಯಾರೆ ಮಾಡಿದರೂ ಆ ಉಡುಗೊರೆಯ ಮೇಲೆ ನೀವು ಹೊರಿಸುತ್ತಿರುವ ಕೆಲಸ ಒಂದೇ: ಈ ಸಂಗತಿಯನ್ನು ಮುಚ್ಚಿಡುವುದು. ಏಳು ವರ್ಷದ ಮಗು ಅಂಟಿಸಿದ ಕಾಗದಕ್ಕೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ. ಆದ್ದರಿಂದ ಪ್ರಯಾಣಕ್ಕೆ ಮೊದಲೇ ನಿಮ್ಮ ಪತಿ ತಾಯಿಗೆ ಫೋನ್ ಮಾಡಿ ವಿಷಯವನ್ನು ತಾವೇ ತಿಳಿಸಲಿ. ದೀರ್ಘ ವಿವರಣೆ ಬೇಕಿಲ್ಲ. ‘ಅಮ್ಮಾ, ಕೆಲಸ ಹೋಗಿದೆ, ಹುಡುಕುತ್ತಿದ್ದೇನೆ, ಹಬ್ಬಕ್ಕೆ ಬರುತ್ತೇವೆ, ಖರ್ಚಿನ ವಿಷಯದಲ್ಲಿ ಈ ವರ್ಷ ಕೈ ಬಿಗಿ’ ಎಂಬಷ್ಟು ಸಾಕು. ಈ ಮಾತನ್ನು ಮಗನೇ ಹೇಳಬೇಕು. ಸೊಸೆಯ ಬಾಯಿಂದ ಬಂದರೆ ಅದು ದೂರಿನಂತೆ ಕೇಳಿಸುವ ಸಾಧ್ಯತೆಯೇ ಹೆಚ್ಚು.

ಓರಗಿತ್ತಿಯೊಂದಿಗೆ ನೀವು ಮಾತನಾಡಿ. ದೂರದ ಊರಿನಲ್ಲಿರುವವರು ವರ್ಷಕ್ಕೊಮ್ಮೆ ಬರುವಾಗ ಸೂಟ್‌ಕೇಸ್ ತುಂಬಿಕೊಂಡು ಬರುವುದರ ಹಿಂದೆ ಯಾವಾಗಲೂ ಮೆರೆಯುವ ಉದ್ದೇಶವೇ ಇರುವುದಿಲ್ಲ. ಜೊತೆಯಲ್ಲಿ ಇಲ್ಲವೆಂಬ ಅಳುಕೂ ಇರುತ್ತದೆ. ‘ಅಕ್ಕಾ, ಈ ವರ್ಷ ನಮ್ಮಿಂದ ಮಕ್ಕಳಿಗೆ ದೊಡ್ಡದೇನೂ ತರಲಾಗುವುದಿಲ್ಲ. ಬದಲಿಗೆ ಐದು ಮಕ್ಕಳೂ ಸೇರಿ ಗೂಡುದೀಪ ಕಟ್ಟುವಂತೆ ಸಾಮಾನು ತರುತ್ತೇನೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಡಿ’ ಎಂದು ನೇರವಾಗಿ ಕೇಳಿ. ಅವರು ತರುವ ಆಟಿಕೆಗಳನ್ನು ತಡೆಯಲು ಹೋಗಬೇಡಿ. ಅದು ಅವರ ಸಂತೋಷ.

ಇನ್ನು ಮಗಳ ಮಾತು. ಅಂಗಡಿಯ ವಸ್ತುವಿನ ಮೇಲಿನ ಆಸೆಯಿಂದ ಅವಳು ಹಾಗೆ ಹೇಳಿದ್ದಾಳೆಂದು ನನಗೆ ಅನಿಸುವುದಿಲ್ಲ. ಕಳೆದ ವರ್ಷ ಆ ಹಣತೆಗಳ ವಿಷಯದಲ್ಲಿ ಅವಳು ಎರಡು ಸಲ ಮುಖ ಸಣ್ಣದು ಮಾಡಿಕೊಳ್ಳಬೇಕಾಯಿತು: ಅಜ್ಜಿ ಆಡಿದ ಮಾತಿನಿಂದ ಒಮ್ಮೆ, ಅದಕ್ಕೂ ಮೊದಲು ಬಣ್ಣ ಕಲಸಿದ್ದಕ್ಕೆ ನಿಮ್ಮಿಂದ ಒಮ್ಮೆ. ಬೆಳಿಗ್ಗೆ ಎದ್ದು ನೋಡಿದಾಗ ತನ್ನ ಗೆರೆಗಳ ಮೇಲೆ ಅಮ್ಮನ ನೀಟಾದ ಗೆರೆಗಳು ಕೂತಿದ್ದರೆ, ಆ ಹಣತೆ ತನ್ನದಲ್ಲ ಎಂದು ಮಗುವಿಗೆ ಗೊತ್ತಾಗುತ್ತದೆ. ಮಕ್ಕಳ ಕೈಕೆಲಸವೆಂದು ಮೊಬೈಲಿನಲ್ಲಿ ತೋರಿಸುವ ವಿಡಿಯೊಗಳಲ್ಲಿ ಮುಕ್ಕಾಲು ಪಾಲು ದೊಡ್ಡವರದೇ ಕೈಚಳಕ. ಅವುಗಳನ್ನು ನೋಡಿ ಮನೆಯ ಮಗುವಿನ ಕೆಲಸವನ್ನು ಅಳೆಯುವುದನ್ನು ನಾವೆಲ್ಲ ಬಿಡಬೇಕು. ಈ ಬಾರಿ ಒಂದು ನಿಯಮವನ್ನು ನಿಮಗೆ ನೀವೇ ಹಾಕಿಕೊಳ್ಳಿ: ಮಗು ಮುಗಿಸಿತು ಎಂದ ಮೇಲೆ ಆ ವಸ್ತುವನ್ನು ತಿದ್ದಬಾರದು. ಓರೆಯಾಗಿ ಅಂಟಿದ್ದರೆ ಓರೆಯಾಗಿಯೇ ಇರಲಿ. ಅವಳಿಗೂ ಇದನ್ನು ಬಾಯಿಬಿಟ್ಟು ಹೇಳಿ, ಕಳೆದ ವರ್ಷ ತಿದ್ದಿದ್ದು ತಪ್ಪಾಯಿತೆಂದು ಸೇರಿಸಿ. ಆಮೇಲೂ ಅವಳು ಬೇಡವೆಂದರೆ ಬಲವಂತ ಮಾಡಬೇಡಿ.

ನಾನು ಗೂಡುದೀಪವನ್ನೇ ಸೂಚಿಸಲು ಕಾರಣವಿದೆ. ಸಿದ್ಧವಾದ ವಸ್ತುವನ್ನು ಕೊಟ್ಟಾಗ ಪಕ್ಕದ ದುಬಾರಿ ಪೆಟ್ಟಿಗೆಯೊಂದಿಗೆ ಅದರ ಹೋಲಿಕೆ ನಡೆದೇ ನಡೆಯುತ್ತದೆ. ಸಾಮಾನುಗಳನ್ನು ಕೊಟ್ಟು ಎಲ್ಲ ಮಕ್ಕಳನ್ನೂ ಕೆಲಸಕ್ಕೆ ಕೂರಿಸಿದರೆ ಹೋಲಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಕರಾವಳಿಯಲ್ಲಿ ಇದು ಹೊರಗಿನಿಂದ ತಂದ ಹವ್ಯಾಸವೂ ಅಲ್ಲ. ಮಂಗಳೂರಿನ ಕುದ್ರೋಳಿ ದೇವಸ್ಥಾನದ ಅಂಗಳದಲ್ಲಿ ದೀಪಾವಳಿಯ ಹೊತ್ತಿಗೆ ಗೂಡುದೀಪಗಳ ಸ್ಪರ್ಧೆಯೇ ನಡೆಯುತ್ತದೆ. ಧಾನ್ಯ, ಕಡ್ಡಿ, ಕಾಗದ ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಜನ ಗೂಡು ಕಟ್ಟಿ ತರುತ್ತಾರೆ. ನಿಮ್ಮ ಪತಿಗೂ ಭಾವನಿಗೂ ಈ ಕೆಲಸ ಚಿಕ್ಕಂದಿನಿಂದ ಗೊತ್ತು. ಕೆಲಸವಿಲ್ಲವೆಂಬ ಸಂಕೋಚದಲ್ಲಿರುವ ಗಂಡಸಿಗೆ ತವರಿನ ಜಗಲಿಯಲ್ಲಿ ಕೂತು ಮಾಡಲು ತನಗೆ ಚೆನ್ನಾಗಿ ಬರುವ ಕೆಲಸವೊಂದು ಸಿಕ್ಕರೆ ಅದು ಸಣ್ಣ ಉಪಕಾರವಲ್ಲ. ‘ಗೂಡುದೀಪ ಹೇಗೆ ಕಟ್ಟುವುದೆಂದು ಮಕ್ಕಳಿಗೆ ತೋರಿಸುವವರು ಬೇಕು’ ಎಂದು ಕೇಳಿ ನೋಡಿ. ಹೋಗುವುದೇ ಬೇಡ ಎಂಬ ಮಾತು ಮೆತ್ತಗಾದರೂ ಆದೀತು.

ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಕ್ಕಳಿಗೆ ಸಾಮಾನ್ಯವಾಗಿ ಚೌಕಾಕಾರದ ಪೆಟ್ಟಿಗೆಯಂಥ ಗೂಡನ್ನು ಹೇಳಿಕೊಡುತ್ತಾರೆ. ಆದರೆ ಅದು ಕಟ್ಟಿದ ಮೇಲೂ ಅತ್ತಿತ್ತ ವಾಲುತ್ತದೆ, ಏಕೆಂದರೆ ನಾಲ್ಕು ಕಡ್ಡಿಯ ಚೌಕವನ್ನು ಎಷ್ಟು ಬಿಗಿದರೂ ಮೂಲೆಗಳು ಜಾರುತ್ತವೆ. ಮೂರು ಕಡ್ಡಿಯ ತ್ರಿಕೋನ ಹಾಗೆ ಜಾರುವುದಿಲ್ಲ. ಆದ್ದರಿಂದ ಎಂಟು ತ್ರಿಕೋನಗಳ ಗೂಡನ್ನು ಆರಿಸಿಕೊಳ್ಳಿ. ಸುಮಾರು 30 ಸೆಂಟಿಮೀಟರ್ ಉದ್ದದ, ಒಂದೇ ಅಳತೆಯ 12 ಬಿದಿರಿನ ಕಡ್ಡಿಗಳು ಸಾಕು. ಮೊದಲು ನಾಲ್ಕು ಕಡ್ಡಿಗಳನ್ನು ಚೌಕವಾಗಿ ಹತ್ತಿಯ ದಾರದಿಂದ ಕಟ್ಟಬೇಕು. ಆ ಚೌಕದ ಪ್ರತಿ ಮೂಲೆಯಿಂದ ಒಂದೊಂದು ಕಡ್ಡಿಯನ್ನು ಮೇಲಕ್ಕೆ ಎಬ್ಬಿಸಿ ನಾಲ್ಕರ ತುದಿಯನ್ನೂ ಒಟ್ಟಿಗೆ ಬಿಗಿಯಬೇಕು. ಉಳಿದ ನಾಲ್ಕನ್ನು ಹಾಗೆಯೇ ಕೆಳಗೆ ಇಳಿಸಿ ಕಟ್ಟಿದರೆ ಚೌಕಟ್ಟು ಸಿದ್ಧ. ಕೊನೆಯ ಗಂಟು ಬೀಳುವವರೆಗೆ ಅದು ಅಲ್ಲಾಡುತ್ತಲೇ ಇರುತ್ತದೆ, ಗಾಬರಿಯಾಗಬೇಡಿ. ಗಂಟು ಬಿದ್ದೊಡನೆ ತಾನಾಗಿ ಸೆಟೆದು ನಿಲ್ಲುತ್ತದೆ. ಬುಟ್ಟಿ ಹೆಣೆಯುವವರ ಬಳಿ ಕೇಳಿದರೆ ಸೀಳಿದ ಬಿದಿರು ಸಿಗುತ್ತದೆ. ಸಿಬಿರು ಉಳಿಯದಂತೆ ಅದನ್ನು ಉಪ್ಪುಕಾಗದದಿಂದ ಉಜ್ಜಿ, ಅಳತೆಗೆ ಕತ್ತರಿಸಿ, ಬೆಂಗಳೂರಿನಿಂದಲೇ ಕಟ್ಟು ಮಾಡಿ ಒಯ್ಯಿರಿ. ಕತ್ತಿ ಹಿಡಿಯುವ ಕೆಲಸ ದೊಡ್ಡವರದೇ ಆಗಿರಲಿ.

ಅಂಟನ್ನು ಮನೆಯಲ್ಲೇ ಕಾಯಿಸಿಕೊಳ್ಳಿ. ಮೂರು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಬಿಳಿಯ ಬಣ್ಣ ಮಾಸಿ ಗಂಜಿಯ ಹೊಳಪು ಬರುತ್ತದೆ. ಆಗ ಇಳಿಸಿ, ಪೂರ್ತಿ ಆರಿದ ಮೇಲೆ ಮಕ್ಕಳ ಕೈಗೆ ಕೊಡಿ. ಹುಳ ಹಿಡಿಯದಿರಲೆಂದು ಇಂಥ ಅಂಟಿಗೆ ಹಿಂದೆ ಮೈಲುತುತ್ತ ಸೇರಿಸುವ ರೂಢಿಯಿತ್ತು. ಮನೆಯ ಹಿರಿಯರು ಯಾರಾದರೂ ಅದನ್ನು ನೆನಪಿಸಿದರೆ ದಯವಿಟ್ಟು ಒಪ್ಪಬೇಡಿ, ಅದು ವಿಷ; ಮೂರು ವರ್ಷದ ಮಗ ಅಂಟಿದ ಬೆರಳನ್ನು ಬಾಯಿಗೆ ಇಟ್ಟೇ ಇಡುತ್ತಾನೆ. ಮೈದಾ ಮತ್ತು ನೀರಷ್ಟೇ ಇರುವ ಅಂಟು ಒಂದೆರಡು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಆಗ ಚೆಲ್ಲಿ ಹೊಸದನ್ನು ಮಾಡಿಕೊಂಡರಾಯಿತು.

ಗಾಳಿಪಟಕ್ಕೆ ಬಳಸುವ ತೆಳುವಾದ ಬಣ್ಣದ ಕಾಗದವನ್ನು ಕಡ್ಡಿಯ ತ್ರಿಕೋನಕ್ಕಿಂತ ಎಲ್ಲ ಕಡೆಯೂ ಒಂದು ಬೆರಳು ಅಗಲ ಹೆಚ್ಚಾಗಿ ಕತ್ತರಿಸಿ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಬೇಕು. ಎಂಟು ಮುಖಗಳಲ್ಲಿ ಏಳಕ್ಕೆ ಮಾತ್ರ ಕಾಗದ. ಎಂಟನೆಯದು ಬಲ್ಬು ಇಳಿಸಲು ತೆರೆದಿರಲಿ. ಯಾವ ಮುಖಕ್ಕೆ ಯಾವ ಬಣ್ಣ ಎಂಬ ತೀರ್ಮಾನವನ್ನು ಮಗಳಿಗೂ ಅವಳ ಓರಗೆಯ ಮಕ್ಕಳಿಗೂ ಬಿಟ್ಟುಬಿಡಿ, ಜಗಳವಾದರೂ ಚಿಂತೆಯಿಲ್ಲ. ಚಿಕ್ಕವನಿಗೆ ಬಾಲಂಗೋಚಿಯ ಕೆಲಸ ಕೊಡಿ. ಕಾಗದವನ್ನು ಉದ್ದುದ್ದಕ್ಕೆ ಹರಿಯುವುದು ಆ ವಯಸ್ಸಿನ ಮಕ್ಕಳು ಬೇಡವೆಂದರೂ ಮಾಡುವ ಕೆಲಸ. ಅವನು ಹರಿದ ಪಟ್ಟಿಗಳನ್ನೇ ನಾಲ್ಕು ಮೂಲೆಗೂ ಕೆಳತುದಿಗೂ ಅಂಟಿಸಿದರೆ ಗೂಡುದೀಪಕ್ಕೆ ಬಾಲ ಬಂತು. ಒಳಗೆ ಕಡಿಮೆ ವಾಟಿನ ಎಲ್‌ಇಡಿ ಬಲ್ಬು ಮಾತ್ರ ಇರಲಿ, ಹಣತೆಯಾಗಲಿ ಮೇಣದಬತ್ತಿಯಾಗಲಿ ಖಂಡಿತ ಬೇಡ. ದೀಪಾವಳಿಯ ಹೊತ್ತಿಗೆ ನಿಮ್ಮ ಕಡೆ ಮಳೆ ಬಂದರೂ ಬರಬಹುದಾದ್ದರಿಂದ ಅಂಗಳಕ್ಕಿಂತ ಜಗಲಿಯ ಸೂರಿನಡಿ ತೂಗುಹಾಕುವುದು ಕ್ಷೇಮ. ನೀರು ತುಂಬುವ ಹಬ್ಬದ ಮಧ್ಯಾಹ್ನ ಕೆಲಸಕ್ಕೆ ಕೂತರೆ ಸಂಜೆಗೆ ಬೆಳಗಿಸಬಹುದು. ದೊಡ್ಡವರು ಹಂಡೆ ತೊಳೆದು ಸಿಂಗರಿಸುವ ಗಡಿಬಿಡಿಯಲ್ಲಿರುವ ಹೊತ್ತಿನಲ್ಲಿ ಮಕ್ಕಳು ಒಂದೆಡೆ ಕೂತಿರುವುದನ್ನು ನಿಮ್ಮ ಅತ್ತೆಯೂ ಮೆಚ್ಚಿಯಾರು.

ಅತ್ತೆಯವರಿಗೆ ಪ್ರತ್ಯೇಕವಾಗಿ ಏನಾದರೂ ಕೊಡಬೇಕೆಂದು ನಿಮಗೆ ಅನಿಸಿದರೆ, ನೋಡಿ ಕಪಾಟಿನಲ್ಲಿಡುವ ವಸ್ತುವಿಗಿಂತ ದಿನವೂ ಕೈಗೆತ್ತಿಕೊಳ್ಳುವ ವಸ್ತು ಒಳ್ಳೆಯದು. ಹಳೆಯ ಬಿಳಿ ಪಂಚೆಯ ಗಟ್ಟಿ ಭಾಗದಿಂದ ಹೂವು ತರಕಾರಿ ತರುವ ಚೀಲವೊಂದನ್ನು ಹೊಲಿದು, ಅದರ ಮೇಲೆ ಮಗಳಿಂದ ಬೆಂಡೆಕಾಯಿಯ ಅಚ್ಚು ಹಾಕಿಸಿ. ಸ್ವಲ್ಪ ಬಲಿತ ಬೆಂಡೆಯನ್ನು ತೊಟ್ಟಿನ ಕಡೆಯಿಂದ ಅಡ್ಡಕ್ಕೆ ಕತ್ತರಿಸಿ, ಲೋಳೆಯನ್ನು ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹಚ್ಚುವ ಬಣ್ಣವನ್ನು ಸ್ಪಂಜಿನ ತುಂಡಿನಿಂದ ತೆಳ್ಳಗೆ ಸವರಿ ಒತ್ತಿದರೆ ಐದು ಎಸಳಿನ ಹೂವು ಮೂಡುತ್ತದೆ. ಬಣ್ಣ ಹೆಚ್ಚಾದರೆ ಹೂವಿನ ಬದಲು ಬರಿಯ ಕಲೆ ಬೀಳುತ್ತದೆಯಾದ್ದರಿಂದ ಮೊದಲ ಕೆಲವನ್ನು ಹಳೆಯ ಪತ್ರಿಕೆಯ ಮೇಲೆ ಒತ್ತಿ ನೋಡಲಿ. ಆ ಪತ್ರಿಕೆಯನ್ನೂ ಎಸೆಯಬೇಡಿ, ಸಿಹಿಯ ಡಬ್ಬಿಗೆ ಸುತ್ತಲು ಅದಕ್ಕಿಂತ ಚೆಂದದ ಕಾಗದ ಬೇಕಿಲ್ಲ. ಚೀಲವನ್ನು ಒಂದು ದಿನ ಒಣಗಿಸಿ, ಒಳಮಗ್ಗುಲಿನಿಂದ ಇಸ್ತ್ರಿ ಹಾಕಿದರೆ ಒಗೆದಾಗ ಬಣ್ಣ ಬೇಗ ಬಿಡುವುದಿಲ್ಲ.

ಮಗಳು ಅಂಗಡಿಯದ್ದೇ ಬೇಕೆಂದು ಪಟ್ಟು ಹಿಡಿದರೆ ಅದಕ್ಕೂ ಸ್ವಲ್ಪ ಜಾಗ ಕೊಡಿ. ಹಬ್ಬದ ಉಡುಗೊರೆಗಳಿಗೆಲ್ಲ ಸೇರಿ ಇಂತಿಷ್ಟೇ ಎಂದು ಒಂದು ಮೊತ್ತವನ್ನು ಈಗಲೇ ನಗದಾಗಿ ಲಕೋಟೆಯಲ್ಲಿಟ್ಟು, ಬಿದಿರು, ಕಾಗದ, ಬಣ್ಣಗಳ ಖರ್ಚು ಕಳೆದು ಉಳಿದದ್ದರಲ್ಲಿ ಚನ್ನಪಟ್ಟಣದ ಒಂದೊಂದು ಬುಗುರಿಯನ್ನು ದೊಡ್ಡ ಮಕ್ಕಳಿಗೆ ಅವಳೇ ಆರಿಸಲಿ. ಹಾಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಟ್ಟ ಆ ಬುಗುರಿಗಳಿಗೆ ಬ್ಯಾಟರಿ ಬೇಕಿಲ್ಲ, ದುಬೈಯಿಂದ ಬಂದ ಮಕ್ಕಳ ಕೈಯಲ್ಲಿ ಅವು ಈಗಾಗಲೇ ಇರುವ ಸಂಭವವೂ ಕಡಿಮೆ. ತೀರಾ ಚಿಕ್ಕ ಬುಗುರಿಯನ್ನಾಗಲಿ ಮಣಿ, ಗುಂಡಿಗಳಿರುವ ಆಟಿಕೆಯನ್ನಾಗಲಿ ಮೂರು ವರ್ಷದವನ ಕೈಗೆ ಸಿಗದಂತೆ ನೋಡಿಕೊಳ್ಳಿ; ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವನಿಗೆ ಗಿಲಕಿಯ ದೊಡ್ಡ ಗಾಡಿಯೊಂದು ಸಾಕು, ಅದೂ ಲಕೋಟೆಯಲ್ಲಿ ಹಣ ಉಳಿದಿದ್ದರೆ.

ಇಷ್ಟೆಲ್ಲ ಆದ ಮೇಲೂ ಅತ್ತೆಯವರು ಕಳೆದ ವರ್ಷದಂಥ ಮಾತನ್ನೇ ಆಡಿಬಿಟ್ಟರೆ ಏನು ಮಾಡುವುದೆಂಬ ಅಳುಕು ನಿಮಗೆ ಇರುವುದು ಸಹಜ. ವಿಷಯ ಮೊದಲೇ ತಿಳಿದಿದ್ದರೆ ಅವರು ಹಾಗೆ ಮಾತನಾಡುವ ಸಂಭವ ಕಡಿಮೆ. ಆಡಿದರೂ ಉತ್ತರಿಸಬೇಕಾದವರು ನಿಮ್ಮ ಪತಿ, ಅದನ್ನು ಹೊರಡುವ ಮೊದಲೇ ಇಬ್ಬರೂ ಮಾತನಾಡಿಕೊಂಡಿರಿ. ‘ಅಮ್ಮಾ, ಇದನ್ನು ಅವಳೇ ಮಾಡಿದ್ದು, ಅವಳೆದುರು ಹಾಗೆ ಹೇಳಬೇಡ’ ಎಂದು ಅವರು ಅಲ್ಲೇ, ಮಗಳಿಗೆ ಕೇಳಿಸುವಂತೆ, ದನಿ ಏರಿಸದೆ ಹೇಳಲಿ. ನೀವು ಆ ಹೊತ್ತಿನಲ್ಲಿ ಸಮಜಾಯಿಷಿ ಕೊಡಲು ಹೋಗದೆ, ಮಕ್ಕಳನ್ನು ಕರೆದುಕೊಂಡು ಬಲ್ಬು ಇಳಿಸುವ ಕೆಲಸ ಮುಂದುವರಿಸಿ.